ಕಾಕಾ, ಫೈರ್‌ಫಾಕ್ಸ್ ತಗದು ಹಾಕಬ್ಯಾಡ್ರಿ

ಕಾಕಾ, ನಿಮ್ಮ ಮೆಸೇಜ್ ನೋಡಿದೆ. ಕರೆಂಟ್ ಹೋಗಿ ಕಂಪ್ಯೂಟರ್ ಒಮ್ಮೆಲೆ ಬಂದ್ ಆತು, ಈಗ ಫೈರ್‌ಫಾಕ್ಸ್‌ನ್ಯಾಗ ಪಹಣಿ, ಸೇವಾಸಿಂಧು ಬುಕ್‌ಮಾರ್ಕ್ ಒಂದೂ ಕಾಣವಲ್ದು, ಹಿಂದ ಹೋಗೋ ಬಾಣ ಒತ್ತಿದ್ರೂ ಕೆಲಸ ಮಾಡವಲ್ದು ಅಂದೀರಿ. ಅನ್‌ಇನ್‌ಸ್ಟಾಲ್ ಮಾಡಿ ಮತ್ತ ಹಾಕೋದು ಬ್ಯಾಡ್ರಿ. ನಿಮ್ಮ ಸಾಮಾನೆಲ್ಲಾ ಪ್ರೊಫೈಲ್ ಅನ್ನೋ ಬ್ಯಾರೆ ಫೋಲ್ಡರ್‌ನ್ಯಾಗ ಇರತೈತಿ. ಕೆಟ್ಟ ಫೈಲೂ ಅಲ್ಲೇ ಉಳೀತೈತಿ, ಹೊಸಾ ಫೈರ್‌ಫಾಕ್ಸ್ ಅದನ್ನ ಓದತೈತಿ.

ಪಾಸ್‌ವರ್ಡ್, ಆಡ್-ಆನ್ (ಫೈರ್‌ಫಾಕ್ಸ್‌ಗೆ ಆಮೇಲೆ ಸೇರಿಸಿದ ಸಣ್ಣ ಸಾಧನ) ಸೈತ ಹೋಗಿದ್ರ ಬ್ಯಾರೆ ಖಾಲಿ ಪ್ರೊಫೈಲ್ ತೆರದಿರಬೇಕು. ಅಡ್ರೆಸ್ ಪಟ್ಟಿಯೊಳಗ ಅಬೌಟ್ ಕೋಲನ್ ಪ್ರೊಫೈಲ್ಸ್ ಅಂತ ಹೊಡದು ಹಳೇದನ್ನ ಆರಿಸ್ರಿ. ಆದ್ರ ನಿಮಗ ಬಾಣಾನೂ ಕೆಟ್ಟೈತಿ, ಹಂಗಾಗಿ ನನ್ನ ಅನುಮಾನ ಪ್ಲೇಸಸ್ ಡಾಟ್ ಎಸ್‌ಕ್ಯೂಲೈಟ್ ಮ್ಯಾಲೆ. ಬುಕ್‌ಮಾರ್ಕ್, ಹಿಸ್ಟರಿ (ನೋಡಿದ ಪುಟಗಳ ದಾಖಲೆ) ಎರಡೂ ಆ ಒಂದ ಫೈಲ್‌ನ್ಯಾಗ ಇರತಾವ.

ಅಬೌಟ್ ಕೋಲನ್ ಸಪೋರ್ಟ್ ತೆರೀರಿ. ಮ್ಯಾಲೆ ರಿಫ್ರೆಶ್ ಬಟನ್ ಇರತೈತಿ, ಅದನ್ನ ಮುಟ್ಟಬ್ಯಾಡ್ರಿ, ಆಡ್-ಆನ್ ಎಲ್ಲಾ ಹೊಕ್ಕಾವ. ಕೆಳಗ ಪ್ಲೇಸಸ್ ಡೇಟಾಬೇಸ್ ಅಂತೈತಲ್ಲ, ಅಲ್ಲಿ ವೆರಿಫೈ ಇಂಟೆಗ್ರಿಟಿ ಒತ್ತಿ, ಫೈರ್‌ಫಾಕ್ಸ್ ಮುಚ್ಚಿ ತೆರದು ನೋಡ್ರಿ. ಸರಿ ಆಗ್ಲಿಲ್ಲಂದ್ರ ಅದ ಪುಟದಾಗ ಪ್ರೊಫೈಲ್ ಫೋಲ್ಡರ್ ಮುಂದಿನ ಓಪನ್ ಫೋಲ್ಡರ್ ಒತ್ರಿ. ಫೋಲ್ಡರ್ ತೆರದ ಮ್ಯಾಲೆ ಫೈರ್‌ಫಾಕ್ಸ್ ಪೂರ್ತಿ ಬಂದ್ ಮಾಡ್ರಿ, ಟಾಸ್ಕ್ ಮ್ಯಾನೇಜರ್‌ನ್ಯಾಗ ಹೆಸರು ಉಳೀಬಾರದು. ಆಮೇಲೆ ಇಡೀ ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ ಮಾಡಿ ಇಟ್ಟುಕೋರಿ. ಪಾಸ್‌ವರ್ಡೂ ಅದರಾಗ ಇರ್ತಾವ, ಅಂಗಡಿಯವರ ಕೈಗೆ ಕೊಡಬ್ಯಾಡ್ರಿ.

ಈಗ ಪ್ಲೇಸಸ್ ಫೈಲಿನ ಹೆಸರಿನ ಕೊನಿಗೆ ಡಾಟ್ ಓಲ್ಡ್ ಸೇರಿಸ್ರಿ. ಅದ ಹೆಸರಿನ ಕೊನಿಗೆ ಡಬ್ಲ್ಯುಎಎಲ್, ಎಸ್‌ಎಚ್‌ಎಂ ಅಂತ ಬಾಲ ಇರೋ ಇನ್ನೆರಡು ಫೈಲ್ ಇದ್ರ ಅವಕ್ಕೂ ಹಂಗ ಮಾಡ್ರಿ. ಹಳೇ ಬಾಲ ಹೊಸಾ ಫೈಲಿಗೆ ಹತ್ತಬಾರದು. ಫೈರ್‌ಫಾಕ್ಸ್ ತೆರದ್ರ ಹೊಸಾ ಫೈಲ್ ಹುಟ್ಟಿ, ಫೈರ್‌ಫಾಕ್ಸ್ ತಾನ ಇಟ್ಟುಕೊಂಡ ಬ್ಯಾಕಪ್‌ನಿಂದ ಬುಕ್‌ಮಾರ್ಕ್ ತುಂಬಕೋತೈತಿ. ಹಿಸ್ಟರಿ ಮಾತ್ರ ಹೋತು ಅಂತ ತಿಳ್ಕೋರಿ.

ಬುಕ್‌ಮಾರ್ಕ್ ಬರಲಿಲ್ಲಂದ್ರ ಕಂಟ್ರೋಲ್, ಶಿಫ್ಟ್, ಓ ಒತ್ತಿ, ಇಂಪೋರ್ಟ್ ಆ್ಯಂಡ್ ಬ್ಯಾಕಪ್, ರಿಸ್ಟೋರ್‌ಗೆ ಹೋಗ್ರಿ. ತಾರೀಖಿನ ಪಟ್ಟಿ ಬರತೈತಿ, ಪ್ರತಿಯೊಂದರ ಮುಂದ ಎಷ್ಟು ಬುಕ್‌ಮಾರ್ಕ್ ಅಂತ ಲೆಕ್ಕಾನೂ ಇರತೈತಿ. ಕರೆಂಟ್ ಹೋಗೋಕಿಂತ ಮೊದಲಿಂದು, ಲೆಕ್ಕ ಜಾಸ್ತಿ ಇದ್ದದ್ದನ್ನ ಆರಿಸ್ರಿ. ಈಗ ಇರೋದನ್ನೆಲ್ಲಾ ಅಳಿಸಿ ಅದನ್ನ ಕೂಡಸ್ತೈತಿ, ಹಂಗಾಗಿ ಸಾವಕಾಶ ನೋಡಿ ಒತ್ರಿ. ಬ್ಯಾಕಪ್ 15 ಅಷ್ಟ ಇಡತೈತಿ, ಹೊಸಾದು ಬಂದಂಗ ಹಳೇದು ಹೋಗತೈತಿ. ದಿನಾ ಖಾಲಿ ಫೈರ್‌ಫಾಕ್ಸ್ ಬಳಸಿಕೋತ ಕುಂತ್ರ ಛಲೋ ಬ್ಯಾಕಪ್ಪೂ ಕೈಬಿಡತಾವ, ಇವತ್ತ ಮಾಡ್ರಿ.

ಫೈರ್‌ಫಾಕ್ಸ್‌ನ ಮ್ಯಾಲಿನ ಮೆನು ಕಾಣಲಿಲ್ಲಂದ್ರ ಆಲ್ಟ್ ಒತ್ರಿ. ಅಡ್ರೆಸ್ ಪಟ್ಟಿ ಕೆಳಗಿನ ಬುಕ್‌ಮಾರ್ಕ್ ಪಟ್ಟಿ ಕಾಣಲಿಲ್ಲಂದ್ರ ಕಂಟ್ರೋಲ್, ಶಿಫ್ಟ್, ಬಿ ಒತ್ರಿ.

ರಿಸ್ಟೋರ್ ಪಟ್ಟಿಯೊಳಗ ಯಾವುದು ಅಂತ ತಿಳೀಲಿಲ್ಲಂದ್ರ ಒತ್ತೋಕಿಂತ ಮೊದಲ ಫೋಟೋ ತಗದು ಇಲ್ಲೇ ಹಾಕ್ರಿ, ನೋಡಿ ಹೇಳ್ತೀನಿ.