ಅಪ್‌ಡೇಟ್: ಮಳೆಗಾಲದ ಜಾಂಬೋಟಿ ಸೈಕಲ್ ರೈಡಿಗೆ ಏನ್ ಹಾಕ್ಕೋಬೇಕಂತ ಕೇಳಿದ್ದೆ

ಜಾಕೆಟ್ ಹಾಕ್ಕೊಂಡ್ರ ಬೆವರಿಗೆ ತೋಯ್ತೀನಿ, ಬಿಟ್ರ ಮಳಿಗೆ ತೋಯ್ತೀನಿ, ಬೆಳಗಾವಿಯಿಂದ ಜಾಂಬೋಟಿ ಕಡೆ ಮುಂಜಾನಿ ರೈಡಿಗೆ ಏನ್ ಮಾಡ್ಲಿ ಅಂತ ಕೇಳಿದ್ದೆನಲ್ರಿ, ಅದರ ಮುಂದಿನ ಸುದ್ದಿ ಇದು.

ಖರೇ ಕೆಲಸಕ್ಕ ಬಂದದ್ದು ಬೇಸ್ ಲೇಯರ್. ಜರ್ಸಿ ಒಳಗ ತೋಳಿಲ್ಲದ, ಜಾಳಿಗಿ ಹಂಗಿರೋ ಪಾಲಿಯೆಸ್ಟರ್ ಬನಿಯನ್. ಕಾಟನ್ ಬನಿಯನ್ ನೀರು ಹೀರಿ ಮೈಗೆ ಅಂಟಿ ಕೂಡ್ತಿತ್ತು, ಇಳಿಜಾರಿನ್ಯಾಗ ಗಾಳಿ ಹೊಡದ್ರ ಎದಿ ಗಡಗಡ ನಡಗ್ತಿತ್ತು. ಈಗ ತೋಯ್ದ್ರೂ ಆ ಚಳಿ ಇಲ್ಲ. ಜಿಟಿಜಿಟಿ ಮಳಿಗೆ ಜಾಕೆಟ್ ಬ್ಯಾಡೇ ಬ್ಯಾಡ, ಗಾಳಿ ತಡಿಯೋ ತೆಳು ಜಿಲೆ (ತೋಳಿಲ್ಲದ ಜಾಕೆಟ್) ಸಾಕು, ಮಡಚಿದ್ರ ಜರ್ಸಿ ಹಿಂದಿನ ಕಿಸೆದಾಗ ಹಿಡಸ್ತೈತಿ. ಜೋರು ಮಳಿ ಬಂದ್ರಷ್ಟೇ ಜಾಕೆಟ್. ಏರಿನ್ಯಾಗ ಜಿಪ್ ಪೂರಾ ಬಿಚ್ಚಿ, ಇಳಿಯೋ ಮುಂದ ಕುತ್ತಿಗಿತನಾ ಎಳೀತೀನಿ.

ಮಡ್‌ಗಾರ್ಡ್ ಹಾಕಸ್ರಿ ಅಂದ ಅಣ್ಣಾರಿಗೆ ದೊಡ್ಡ ನಮಸ್ಕಾರ. ಹಿಂದಿನ ಗಾಲಿ ಕೆಂಪು ರಾಡಿ ಸಿಡಿಸೂದು ನಿಂತು, ಬಿಬ್ ಶಾರ್ಟ್ಸಿನ (ಭುಜಕ್ಕ ಪಟ್ಟಿ ಇರೋ ಸೈಕಲ್ ಚಡ್ಡಿ) ಪ್ಯಾಡಿಗೆ ಉಸುಕು ಹತ್ತೂದಿಲ್ಲ, ತೊಡಿ ಸಂದಿಯ ಉರಿನೂ ಹೋತು. ಶೂ ಮಾತ್ರ ಇನ್ನೂ ತೋಯ್ತಾವ, ಒಳಗ ಪೇಪರ್ ತುರುಕಿ ಫ್ಯಾನಿನ ಕೆಳಗ ಇಡ್ತೀನಿ.

ಬ್ಯಾಸಗಿಗೆ ವಿಜಯಪುರದಾಗ ಟ್ರೇನಿಂಗ್ ಐತಿ, ಅಲ್ಲಿ 40 ಡಿಗ್ರಿ ದಾಟತೈತಿ. ಅಲ್ಲಿಯವ್ರು ಬಿಸಿಲಿಗೆ ತೋಳಿನ ಸ್ಲೀವ್ಸ್ ಹಾಕ್ತೀರೋ, ಪೂರ್ತಿ ತೋಳಿನ ತೆಳು ಜರ್ಸಿನೋ? ಹೇಳ್ರಿ.