ಜಾಗ ಚೆನ್ನಾಗಿದ್ದರೂ ಮನಸ್ಸು ತುಂಬುವುದಿಲ್ಲ, ಯಾಕೆ?

ಪ್ರಶ್ನೆ:
ಈ ವರ್ಷ ಎರಡು ಕಡೆ ಹೋಗಿ ಬಂದೆವು. ಮೊದಲನೆಯದು ತುಂಬಾ ಹೆಸರು ಮಾಡಿದ ಜಲಪಾತ. ನೋಡಲು ಅದ್ಭುತ, ಆದರೂ ವಾಪಸ್ ಬರುವಾಗ ಎಲ್ಲರಿಗೂ ಸಪ್ಪೆ ಅನ್ನಿಸಿತು. ಎರಡನೆಯದು ಅಷ್ಟೇನೂ ಹೆಸರಿಲ್ಲದ ಒಂದು ಕಾಡು. ಪ್ರಾಣಿಗಳು ಜಾಸ್ತಿ ಕಾಣಲಿಲ್ಲ, ಮಳೆಗೆ ಪೂರ್ತಿ ನೆನೆದೆವು, ಆದರೆ ಮನೆಯವರೆಲ್ಲ ಮತ್ತೆ ಅಲ್ಲಿಗೇ ಹೋಗೋಣ ಅನ್ನುತ್ತಿದ್ದಾರೆ. ಹಾಗಾದರೆ ಜಾಗದ ಚೆಂದವೊಂದೇ ಸಾಲದು ಅಲ್ವಾ? ಇನ್ನೇನು ಬೇಕು?

ಉತ್ತರ 1:
ಹೋಗುವ ಮೊದಲು ಏನು ಅಂದುಕೊಂಡಿದ್ದಿರಿ ಅನ್ನುವುದೇ ಅರ್ಧ ಉತ್ತರ. ಗ್ರಾಹಕರ ತೃಪ್ತಿಯ ಬಗ್ಗೆ ಸಂಶೋಧಕ ರಿಚರ್ಡ್ ಆಲಿವರ್ 1980ರಲ್ಲಿ ಬರೆದದ್ದೂ ಇದನ್ನೇ, ಸಿಕ್ಕಿದ್ದನ್ನು ನಾವು ನಿರೀಕ್ಷೆಯ ಪಕ್ಕದಲ್ಲಿಟ್ಟು ಅಳೆಯುತ್ತೇವೆ. ನೀವು ನೋಡಿದ ಫೋಟೋ ತುಂಬಿ ಹರಿಯುವ ಕಾಲದಲ್ಲಿ, ಬೆಳಗಿನ ಬೆಳಕಿನಲ್ಲಿ, ಒಬ್ಬರೂ ಇಲ್ಲದಾಗ ತೆಗೆದದ್ದಿರಬಹುದು. ನೀವು ಹೋಗಿದ್ದು ಬಹುಶಃ ರಜೆ ದಿನ. ಕಾಡಿನ ಬಗ್ಗೆ ಅಂಥ ಚಿತ್ರವೇ ಇರಲಿಲ್ಲ, ಹಾಗಾಗಿ ಕಂಡದ್ದೆಲ್ಲ ಲಾಭ.

ಉತ್ತರ 2:
ನನ್ನ ಮಟ್ಟಿಗೆ ಗೈಡ್. ಒಳ್ಳೆಯ ಗೈಡ್ ಇದ್ದರೆ ಒಂದು ಹೆಜ್ಜೆಗುರುತೂ ಕಥೆಯಾಗುತ್ತದೆ, ಇಲ್ಲದಿದ್ದರೆ ಎದುರಿಗೆ ಪ್ರಾಣಿ ನಿಂತಿದ್ದರೂ ಫೋಟೋ ತೆಗೆದು ಮುಂದೆ ಹೋಗುತ್ತೇವೆ ಅಷ್ಟೇ. ಇನ್ನು ಶುಚಿಯಾದ ಶೌಚಾಲಯ, ಕುಡಿಯುವ ನೀರು, ದಾರಿ ತೋರಿಸುವ ಬೋರ್ಡು. ಇವು ಇದ್ದಾಗ ಯಾರೂ ಹೊಗಳುವುದಿಲ್ಲ, ಆದರೆ ಇಲ್ಲದಿದ್ದರೆ ಮಕ್ಕಳು ವಯಸ್ಸಾದವರು ಜೊತೆಗಿರುವವರಿಗೆ ಇಡೀ ದಿನ ಹಾಳು.

ಉತ್ತರ 3:
ಜನಸಂದಣಿಯನ್ನು ಮರೆಯಬೇಡಿ. ಥಾಯ್ಲೆಂಡಿನ ಮಾಯಾ ಬೇ ಕಡಲತೀರಕ್ಕೆ ದಿನಕ್ಕೆ ಸಾವಿರಾರು ಜನ ಬಂದು ಹವಳ ಹಾಳಾಗಿ, 2018ರಲ್ಲಿ ಮುಚ್ಚಲೇಬೇಕಾಯಿತು. 2022ರಲ್ಲಿ ಮತ್ತೆ ತೆರೆದಾಗ ದೋಣಿಗಳನ್ನು ಕೊಲ್ಲಿಯೊಳಗೆ ಬಿಡಲಿಲ್ಲ, ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದರು. ಆ ನೀರಿಗೆ ಶಾರ್ಕ್‌ಗಳು ವಾಪಸ್ ಬಂದಿವೆ! ಮಿತಿ ಹಾಕಿದರೆ ಪ್ರವಾಸಿಗರಿಗೆ ಬೇಜಾರು ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನೂಕುನುಗ್ಗಲಲ್ಲಿ ನೋಡಿದ್ದು ಯಾರ ಮನಸ್ಸಿನಲ್ಲಿ ಉಳಿಯುತ್ತದೆ ಹೇಳಿ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಗೈಡ್ ವಿಷಯ ಓದಿದಾಗ ನೆನಪಾಯಿತು. ಮಳೆ ನಿಂತ ಮೇಲೆ ನಮ್ಮ ಗೈಡ್ ಎಲ್ಲರನ್ನೂ ಹತ್ತು ನಿಮಿಷ ಸುಮ್ನೆ ಕೂರಿಸಿದ್ದರು, ಮೊಬೈಲ್ ಒಳಗಿಡಿ ಅಂದಿದ್ದರು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಒಂದೊಂದಾಗಿ ಹಕ್ಕಿಗಳು ಕೂಗಲು ಶುರು ಮಾಡಿದವು. ಜಲಪಾತದ ಹತ್ತಿರ ನಾವು ಇದ್ದದ್ದೇ ಇಪ್ಪತ್ತು ನಿಮಿಷ, ಅದರಲ್ಲಿ ಹದಿನೈದು ಫೋಟೋಗೆ ಜಾಗ ಸಿಗಲಿ ಅಂತ ಕಾದದ್ದು.