ಆಸ್ತಿ ಬಂದ್ಮೇಲೇನಾ ಹೆಣ್ಣು ಕೆಳಗಾಗಿದ್ದು? ಎಂಗೆಲ್ಸ್ ಓದಿ ಒಂದು ಡೌಟು

ನೇಜಿಹುಡುಗಿ:
ಕುಟುಂಬ, ಖಾಸಗಿ ಆಸ್ತಿ, ಪ್ರಭುತ್ವದ ಹುಟ್ಟಿನ ಬಗ್ಗೆ ಮಾರ್ಕ್ಸ್ ಜೊತೆಗಾರ ಎಂಗೆಲ್ಸ್ 1884ರಲ್ಲಿ ಬರೆದಿದ್ದು ಈಗಷ್ಟೇ ಮುಗಿಸ್ದೆ. ದನದ ಹಿಂಡು ಬೆಳೀತು, ಅದು ಗಂಡಸರ ಕೈಲಿತ್ತು, ತನ್ನ ಮಕ್ಕಳಿಗೇ ಹೋಗ್ಲಿ ಅಂತ ತಾಯಿ ಕಡೆ ವಂಶ ಮುರಿದು ಅಪ್ಪನ ವಂಶ ತಂದ್ರು, ಮಕ್ಕಳು ತನ್ನವೇ ಅಂತ ಗ್ಯಾರಂಟಿ ಬೇಕಾಗಿ ಹೆಂಡ್ತಿ ಮೇಲೆ ಕಾವಲು ಬಂತು ಅಂತಾರೆ. ಸರಿ ಅನ್ಸುತ್ತೆ, ಆದ್ರೆ ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ತಾಯಿ ಕಡೆಯಿಂದಾನೇ ಬರ್ತಿತ್ತಲ್ಲ, ಮತ್ತೆ ಯಜಮಾನಿಕೆ ಹೆಚ್ಚಾಗಿ ಸೋದರಮಾವಂದೇ ಯಾಕೆ?

ಹಳೇಕಾಮ್ರೇಡ್:
ಒಳ್ಳೆ ಪ್ರಶ್ನೆ ತಂಗಿ. ಎಂಗೆಲ್ಸ್ ನಂಬಿದ್ದು ಮಾರ್ಗನ್ ಅನ್ನೋ ಅಮೆರಿಕದವರ 1877ರ ಪುಸ್ತಕನ. ಎಲ್ಲಾ ಸಮಾಜಗಳೂ ಒಂದೇ ಏಣಿ ಹತ್ತಿ ಬಂದ್ವು ಅನ್ನೋ ಅವರ ಲೆಕ್ಕ ಈಗ ನಿಲ್ಲಲ್ಲ, ಅದನ್ನ ನಾವೂ ಒಪ್ಕೋಬೇಕು. ಆದ್ರೆ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾ ಜನರ ಉದಾಹರಣೆ ನೋಡು, ಅಲ್ಲಿ ಬರೀ ವಂಶ ಮಾತ್ರ ಹೆಂಗಸರ ಕಡೆ ಇರ್ಲಿಲ್ಲ, ಜೋಳ ಬೆಳೀತಿದ್ದೂ ಅವರೇ, ಹಂಚ್ತಿದ್ದೂ ಅವರೇ, ಮುಖಂಡ ಸರಿಯಿಲ್ಲ ಅಂದ್ರೆ ಕುಲದ ಹಿರಿ ಹೆಂಗಸರು ಅವನನ್ನ ಕೆಳಗಿಳಿಸ್ತಿದ್ರು. ಹಾಗಾಗಿ ವಂಶ ಯಾರ ಕಡೆ ಅನ್ನೋದಕ್ಕಿಂತ ಕಣಜ ಯಾರ ಕೈಲಿ ಅಂತ ಕೇಳೋದು ಮುಖ್ಯ.

ಕಡಲಬದಿ:
ನಮ್ದು ಬಂಟರ ಮನೆ, ಅಜ್ಜಿ ಹೇಳಿದ್ದು ಬರೀತೇನೆ. ಗಂಡ ತೀರಿದ ಮೇಲೆ ಅವರಿಗೆ ಯಾರ ಹಂಗೂ ಇರ್ಲಿಲ್ಲ, ಹುಟ್ಟಿದ ಮನೆ ಅವರದ್ದೇ, ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಆದ್ರೆ ಗೇಣಿ ಲೆಕ್ಕ, ಕೋರ್ಟು ಕಚೇರಿ ಎಲ್ಲ ಅವರ ಅಣ್ಣನ ಕೈಲಿ. ಹಿರಿ ಹೆಂಗಸು ಯಜಮಾನ್ತಿ ಆಗ್ಲಿಕ್ಕೆ ಅವಕಾಶ ಇತ್ತು, ಆದ್ರೆ ನಮ್ಮ ಮನೇಲಿ ಯಾರೂ ಆಗಿದ್ದಿಲ್ಲ. ಇನ್ನೊಂದು ಮಾತು ಇಲ್ಲಿ ಯಾರೂ ಎತ್ಲಿಲ್ಲ, ನಮ್ಮ ಗದ್ದೇಲಿ ಬೆನ್ನು ಬಗ್ಗಿಸಿ ನೇಜಿ, ಅಂದ್ರೆ ಭತ್ತದ ಸಸಿ, ನೆಟ್ಟ ಒಕ್ಕಲು ಹೆಂಗಸರದ್ದು. ಅವರಲ್ಲೂ ಸುಮಾರು ಮಂದಿದು ಅಳಿಯಸಂತಾನವೇ, ತಾಯಿ ಕಡೆ ವಂಶ ಇತ್ತು, ದಾಟಿಸ್ಲಿಕ್ಕೆ ಗದ್ದೆ ಇರ್ಲಿಲ್ಲ. ನಮ್ಮಜ್ಜಿಗೆ ಸಿಕ್ಕ ಧೈರ್ಯ ಅವರಿಗೆ ಎಲ್ಲಿಂದ ಬರ್ಬೇಕು?

ನೀಲಿಬಾವುಟ:
ಜಾತಿ ಬಿಟ್ಟು ಬರೀ ಆಸ್ತಿ ಅಂದ್ರೆ ನಮ್ಮ ದೇಶದ ಕಥೆ ಅರ್ಧಾನೇ. ಅಂಬೇಡ್ಕರ್ 1916ರಲ್ಲೇ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಹೇಳಿದ್ರು, ಜಾತಿ ನಿಂತಿರೋದೇ ಒಳಗೊಳಗೇ ಮದುವೆ ಮಾಡ್ಕೊಳ್ಳೋದ್ರ ಮೇಲೆ, ಸತಿ, ವಿಧವೆಗೆ ಮದುವೆ ಇಲ್ಲ ಅನ್ನೋದು, ಬಾಲ್ಯವಿವಾಹ ಎಲ್ಲ ಅದನ್ನ ಕಾಯೋಕೆ ಬಂದಿದ್ದು ಅಂತ. ಇವತ್ತಿಗೂ ಬೇರೆ ಜಾತಿ ಹುಡುಗನ್ನ ಮದುವೆ ಆದ್ಲು ಅಂತ ಮಗಳನ್ನ ಕೊಲ್ಲೋರಲ್ಲಿ ಒಂದೆಕರೆನೂ ಇಲ್ಲದೋರು ಇದಾರೆ, ಅವರು ಯಾವ ಆಸ್ತಿ ಕಾಯ್ತಿದಾರೆ ಹೇಳಿ?

ನೇಜಿಹುಡುಗಿ:
@ಕಡಲಬದಿ ಅಕ್ಕ, ನಮ್ಮಮ್ಮನ ತಾಯಿ ಒಕ್ಕಲು ಮನೆಯವರೇ, ನೇಜಿ ನೆಟ್ಟೋರು. ಈ ಹೆಸರು ಇಟ್ಕೊಂಡಿದ್ದು ಅದಕ್ಕೇ. @ನೀಲಿಬಾವುಟ ಆ ಪ್ರಬಂಧ ಕನ್ನಡದಲ್ಲಿ ಎಲ್ಲಿ ಸಿಗುತ್ತೆ ಹೇಳ್ತೀರಾ, ಈ ವಾರಾನೇ ಓದ್ತೀನಿ.